ಸೋರುವ ಕಿವಿಯ ಮಕ್ಕಳ ತಂದೆತಾಯಂದಿರಿಗೆ



ನಾನು ಕುಕ್ಕುವಾಡದಲ್ಲಿ ಹುಟ್ಟಿ ಬೆಳೆದವನು. ದಾವಣಗೆರೆಯ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ತಂತ್ರಜ್ಞನಾಗಿ ಮೂವತ್ತೇಳು ವರ್ಷ ದುಡಿದು ನಿವೃತ್ತನಾದೆ. ನಾನು ಡಾಕ್ಟರಲ್ಲ. ಚಿತ್ರ ತೆಗೆಯುವವನು, ಅಷ್ಟೆ. ಆದರೆ ಸಾವಿರಾರು ತಲೆಗಳ ಒಳಗನ್ನು ಕಂಡವನು. ಆ ಅನುಭವದ ಮೇಲೆ ನಿಮ್ಮ ಹತ್ತಿರ ಒಂದು ವಿಷಯ ಕೇಳಿಕೊಳ್ಳಬೇಕಾಗಿದೆ.

ಹೋದ ತಿಂಗಳು ಊರಲ್ಲಿ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಏಳೆಂಟು ವರ್ಷದ ಹುಡುಗ ಕೂತಿದ್ದ. ಬಲಗಿವಿಯಲ್ಲಿ ಹತ್ತಿ. ಬಡಿಸುವವರು ಎರಡು ಸಲ ‘ಹೋಳಿಗೆ ಹಾಕ್ಲೇನಪ್ಪ’ ಅಂದರೂ ಅವನು ಎಲೆ ನೋಡುತ್ತಲೇ ಇದ್ದ. ಅವನು ನನ್ನ ಕಡೆ ಬಗ್ಗಿದಾಗ ಒಂದು ವಾಸನೆ ಬಂತು. ಅದು ಸಾಧಾರಣ ಕೀವಿನ ವಾಸನೆ ಅಲ್ಲ. ಅದನ್ನು ಒಮ್ಮೆ ಕಂಡವನು ಮರೆಯುವುದಿಲ್ಲ. ಕೈ ತೊಳೆಯುವಾಗ ಅವನ ತಾಯಿಯನ್ನು ಕೇಳಿದೆ. ‘ಸಣ್ಣವನಿದ್ದಾಗಿಂದ ಸೋರ್ತತಿ ಕಣ್ರೀ. ನೋವೇನಿಲ್ಲ. ಡಾಕ್ಟ್ರು ಸ್ಕ್ಯಾನಿಂಗ್ ಬರಕೊಟ್ಟಾರೆ, ಕಬ್ಬು ಫ್ಯಾಕ್ಟ್ರಿಗೆ ಹೋಗ್ಲಿ, ಆಮೇಲೆ ಮಾಡ್ಸಾಣ ಅಂತ ಅದೀವಿ’ ಅಂದರು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದ ಚೀಟಿಯನ್ನು ತೋರಿಸಿದರು. ತಾರೀಕು ನೋಡಿದೆ. ಏಳು ತಿಂಗಳ ಹಿಂದಿನದು.

ಆ ತಾಯಿಗೆ ಒಂದು ಮಾತೂ ಗದರಿ ಹೇಳಲು ನನಗೆ ಬಾಯಿ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ತಮ್ಮ ಹುಟ್ಟಿದ್ದು 1965ರಲ್ಲಿ. ಅವನಿಗೆ ನಾಲ್ಕು ವರ್ಷವಿದ್ದಾಗಿನಿಂದ ಎಡಗಿವಿ ಸೋರುತ್ತಿತ್ತು. ಅವ್ವ ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಾಸಿ ಎರಡೆರಡು ಹನಿ ಬಿಡುತ್ತಿದ್ದಳು. ಪಕ್ಕದ ಮನೆಯವರು ಯಾವುದೋ ಸೊಪ್ಪಿನ ರಸ ಹೇಳಿದರು, ಅದನ್ನೂ ಬಿಟ್ಟಳು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟಾಗ ನಾವೆಲ್ಲ ಹಾರುತ್ತಿದ್ದೆವು, ಅವನೂ ಹಾರುತ್ತಿದ್ದ. ಎರಡು ದಿನಕ್ಕೆ ಸೋರುವುದು ಜಾಸ್ತಿಯಾಗುತ್ತಿತ್ತು, ಮತ್ತೆ ಕಡಿಮೆಯಾಗುತ್ತಿತ್ತು. ನೋವು ಅಂತ ಅವನು ಒಂದು ದಿನವೂ ಅತ್ತವನಲ್ಲ. ಅದೇ ನಮ್ಮೆಲ್ಲರಿಗೆ ಧೈರ್ಯ. ‘ನೋವಿಲ್ಲ ಅಂದ್ಮೇಲೆ ಏನಾಗಲ್ಲ, ದೊಡ್ಡವನಾದ್ರೆ ತಾನೇ ನಿಲ್ತತಿ’ ಅಂತ ಊರೆಲ್ಲ ಹೇಳುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗರು ವಾಸನೆ ಅಂತ ದೂರ ಸರಿದರು. ಮೇಷ್ಟ್ರು ಅವನನ್ನು ಕೊನೆಯ ಸಾಲಿಗೆ ಕಳಿಸಿದರು. ಅಲ್ಲಿ ಪಾಠ ಕೇಳಿಸದೆ, ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಏಟು ತಿಂದ.

1977ರಲ್ಲಿ ಅಪ್ಪ ನನ್ನ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು, ತಮ್ಮನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿಕೊಂಡು ಬಾ ಅಂದ. ದಾವಣಗೆರೆಯಲ್ಲಿ ಆಗ ಡಾಕ್ಟರು ಇರಲಿಲ್ಲವೆಂದಲ್ಲ. ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಶುರುವಾಗಿದ್ದೇ ನನ್ನ ತಮ್ಮ ಹುಟ್ಟಿದ 1965ರಲ್ಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಅದೇ ವರ್ಷದ್ದು. ನಾವು ಹೋದ ಕಡೆ ಸರದಿ ದೊಡ್ಡದಿತ್ತು. ಮಾರನೆಯ ದಿನ ನನಗೆ ಪರೀಕ್ಷೆ. ಒಂದು ಗಂಟೆ ನಿಂತು, ಬೇಸತ್ತು, ಅವನಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, ಸಂಜೆ ಬಸ್ಸಿಗೆ ಊರಿಗೆ ಕರೆತಂದೆ. ಡಾಕ್ಟರು ಇವತ್ತು ಬಂದಿರಲಿಲ್ಲ ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಇನ್ನೊಮ್ಮೆ ಹೋದರಾಯ್ತು ಅಂದ ಅಪ್ಪ. ಆ ಇನ್ನೊಮ್ಮೆ ಬರಲಿಲ್ಲ. ನಾಟಿ ಬಂತು, ಕೊಯ್ಲು ಬಂತು, ಒಂದು ಮದುವೆ ಬಂತು.

ಮರುವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಅವನ ಎಡ ತುಟಿಯಿಂದ ತಾನಾಗಿ ಸುರಿಯಿತು. ಕಣ್ಣು ಮುಚ್ಚು ಅಂದರೆ ಎಡಗಣ್ಣು ಮುಚ್ಚಲಿಲ್ಲ. ನಕ್ಕರೆ ಮುಖ ಬಲಕ್ಕೆ ಎಳೆಯಿತು. ಗಾಳಿ ಸೋಕಿದೆ ಅಂದರು. ಪಾರಿವಾಳದ ರಕ್ತ ಸವರಿಸಲು ಇನ್ಯಾವುದೋ ಊರಿಗೆ ಎತ್ತಿನ ಗಾಡಿಯಲ್ಲಿ ಕರೆದೊಯ್ದರು. ಹೀಗೆ ಹತ್ತೊಂಬತ್ತು ದಿನ ಹೋಯಿತು. ಕೊನೆಗೆ ದಾವಣಗೆರೆಯ ಕಿವಿ ಡಾಕ್ಟರು ನೋಡಿದ ಕೂಡಲೇ ಮುಖಕ್ಕೂ ಕಿವಿಗೂ ಸಂಬಂಧ ಹೇಳಿದರು. ಮುಖದ ನರ ಕಿವಿಯ ಮೂಳೆಯ ಒಳಗಿಂದಲೇ ಹಾದು ಬರುತ್ತದೆ ಅಂತ ಆ ದಿನ ನಮಗೆ ತಿಳಿಯಿತು. ಎಕ್ಸ್‌ರೇ ತೆಗೆಸಿದರು. ದೀಪದ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿ ಬಹಳ ಹೊತ್ತು ನೋಡಿ, ‘ಒಳಗೆ ಎಷ್ಟು ತಿಂದಿದೆಯೋ ತೆರೆದ ಮೇಲೇ ಗೊತ್ತಾಗಬೇಕು’ ಅಂದರು. ಆಪರೇಷನ್ನಿನಲ್ಲಿ ನೋಡಿದರೆ ಕೇಳುವ ಸಣ್ಣ ಮೂಳೆಗಳು ಇರಲೇ ಇಲ್ಲ. ಮಿದುಳಿನ ಕಡೆಯ ತೆಳು ಗೋಡೆಯಲ್ಲಿ ತೂತು. ಜೀವ ಉಳಿಯಿತು. ಕಿವಿ ಹೋಯಿತು. ಮುಖ ಅರ್ಧ ವಾಪಸು ಬಂತು, ಅರ್ಧ ಬರಲಿಲ್ಲ.

ಆ ಫಿಲ್ಮು ನೋಡಿಯೇ ನಾನು ಈ ವೃತ್ತಿಗೆ ಬಂದೆ.

ಈಗ ಒಳಗಿನ ವಿಷಯಕ್ಕೆ ಬರೋಣ. ಕಿವಿಯ ತಮಟೆಯ ಹಿಂದೆ ಬೆರಳ ತುದಿಯೂ ಹಿಡಿಸದ ಒಂದು ಗೂಡಿದೆ. ಅದೇ ಮಧ್ಯಕಿವಿ. ಅದರಲ್ಲಿ ಶಾಲೆಯ ಪುಸ್ತಕದಲ್ಲಿ ನೀವೂ ಓದಿದ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಅದರಾಚೆ ಒಳಗಿವಿ. ಅಲ್ಲಿ ಎರಡೂವರೆ ಸುತ್ತಿನ ಶಂಖದಂಥ ಕಾಕ್ಲಿಯಾ ಸದ್ದನ್ನು ಹಿಡಿದು ನರಕ್ಕೆ ಕೊಡುತ್ತದೆ. ಪಕ್ಕದ ಮೂರು ಅರ್ಧವೃತ್ತದ ನಾಳಗಳು ನಮ್ಮನ್ನು ಬೀಳದಂತೆ ನಿಲ್ಲಿಸುತ್ತವೆ. ಮೇಲುಗಡೆ ಕಾಗದದಷ್ಟು ತೆಳು ಮೂಳೆಯ ಚಾವಣಿ, ಅದರ ಮೇಲೆ ಮಿದುಳು. ನಡುವೆ ಮುಖದ ನರ. ಇಷ್ಟೂ ಒಂದು ಅಡಿಕೆ ಹೋಳಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತಿವೆ.

ಸೋರುವ ಕಿವಿಗಳೆಲ್ಲ ಒಂದೇ ಅಲ್ಲ. ತಮಟೆಯ ನಡುವೆ ತೂತು ಬಿದ್ದು, ನೆಗಡಿ ಬಂದಾಗ ಲೋಳೆಯಂಥ ನೀರು ಸುರಿದು, ಔಷಧಿಗೆ ನಿಲ್ಲುವ ಕಿವಿ ಒಂದು ಬಗೆ. ಅದಕ್ಕೂ ಚಿಕಿತ್ಸೆ ಬೇಕು, ಆದರೆ ಅದರಿಂದ ಜೀವಭಯ ಕಡಿಮೆ. ಇನ್ನೊಂದು ಬಗೆಯಲ್ಲಿ ಸೋರುವುದು ಸ್ವಲ್ಪವೇ, ವಾಸನೆ ಮಾತ್ರ ತಡೆಯಲಾಗದ್ದು. ಅಲ್ಲಿ ತಮಟೆಯ ಮೇಲ್ಭಾಗದ ಚರ್ಮ ಒಳಕ್ಕೆ ಎಳೆದುಕೊಂಡು ಚೀಲವಾಗುತ್ತದೆ. ಸತ್ತ ಚರ್ಮ ಅದರಲ್ಲಿ ಪದರ ಪದರವಾಗಿ ತುಂಬಿಕೊಳ್ಳುತ್ತದೆ. ಆ ಗಂಟು ಬೆಳೆಯುತ್ತ ಸುತ್ತಲ ಮೂಳೆಯನ್ನು ಕರಗಿಸುತ್ತದೆ. ಡಾಕ್ಟರುಗಳು ಇದಕ್ಕೆ ಕೊಲೆಸ್ಟಿಯಟೋಮ ಅನ್ನುತ್ತಾರೆ. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ಅದು ನೋಯಿಸದೆ ತಿನ್ನುತ್ತದೆ. ನನ್ನ ತಮ್ಮನಿಗೆ ನೋವಿಲ್ಲ ಅಂತ ನಾವು ಸಮಾಧಾನಪಟ್ಟುಕೊಂಡ ಒಂಬತ್ತು ವರ್ಷವೂ ಅದು ಒಳಗೆ ಕೆಲಸ ಮಾಡುತ್ತಲೇ ಇತ್ತು.

ಹಾಗಾದರೆ ಎಕ್ಸ್‌ರೇ ಸಾಕಲ್ಲವೇ ಅಂತ ಬಹಳ ಜನ ನನ್ನನ್ನು ಕೇಳಿದ್ದಾರೆ. ನಾನು ಕೆಲಸ ಕಲಿತಾಗ ಅದೊಂದೇ ಇತ್ತು. ಮಗುವಿನ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಟ್ಯೂಬನ್ನು ಓರೆ ಮಾಡಿ, ಒಂದು ಕಿವಿಯ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಹಿಡಿಯುವುದೇ ಒಂದು ವಿದ್ಯೆ. ಎಷ್ಟು ಚೆನ್ನಾಗಿ ತೆಗೆದರೂ ಅದು ನೆರಳೇ. ಹತ್ತು ವಸ್ತುಗಳ ನೆರಳು ಒಂದರ ಮೇಲೊಂದು ಬಿದ್ದಾಗ ಅಷ್ಟು ಸಣ್ಣ ಮೂಳೆ ಇದೆಯೋ ಇಲ್ಲವೋ ಯಾರು ಹೇಳಬೇಕು? ಸಿಟಿ ಸ್ಕ್ಯಾನ್ ಮಾಡುವುದು ಬೇರೆ ಕೆಲಸ. ಹೊರಗೆ ನುಣ್ಣಗಿರುವ ಬದನೆಕಾಯಿಯನ್ನು ಈಳಿಗೆಯಲ್ಲಿ ತೆಳ್ಳಗೆ ಬಿಲ್ಲೆ ಬಿಲ್ಲೆ ಹೆಚ್ಚಿದರೆ ಯಾವ ಬಿಲ್ಲೆಯಲ್ಲಿ ಹುಳ ಕೂತಿದೆ, ಎಲ್ಲಿಯ ತನಕ ಕೊರೆದಿದೆ ಅಂತ ಕಾಣುತ್ತದಲ್ಲ, ಹಾಗೆ. ಕಿವಿಗೆ ಮಾಡುವ ಹೆಚ್‌ಆರ್‌ಸಿಟಿಯಲ್ಲಿ ಒಂದೊಂದು ಬಿಲ್ಲೆ ಅರ್ಧ ಮಿಲಿಮೀಟರ್ ಆಸುಪಾಸು. ಕೊಯ್ಯುವುದು ಮಾತ್ರ ಕಿರಣ ಮತ್ತು ಕಂಪ್ಯೂಟರಿನ ಲೆಕ್ಕ. ಚರ್ಮಕ್ಕೆ ಒಂದು ಗೆರೆಯೂ ಬೀಳುವುದಿಲ್ಲ.

ಈ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು ಲಂಡನ್ನಿನಲ್ಲಿ, 1971ರ ಅಕ್ಟೋಬರ್ 1ರಂದು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ಗೆ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಬಂದದ್ದು 1979ರಲ್ಲಿ, ನನ್ನ ತಮ್ಮನ ಆಪರೇಷನ್ನಿನ ಮರುವರ್ಷ. ಅವನಿಗೆ ಸಿಟಿ ಸ್ಕ್ಯಾನ್ ಸಿಗಲಿಲ್ಲ. ನಿಮ್ಮ ಮಕ್ಕಳಿಗೆ ಅದು ಬಸ್ಸಿನ ದೂರದಲ್ಲೇ ಇದೆ.

ಆ ಚಿತ್ರದಲ್ಲಿ ಡಾಕ್ಟರು ಏನು ಹುಡುಕುತ್ತಾರೆ? ಮೂರು ಮೂಳೆ ಇದ್ದ ಜಾಗದಲ್ಲಿ ಇವೆಯೇ, ಸವೆದಿವೆಯೇ. ಮಿದುಳಿನ ಕೆಳಗಿನ ಚಾವಣಿ ಗಟ್ಟಿಯಾಗಿದೆಯೇ. ಮುಖದ ನರದ ಕೊಳವೆ ತೆರೆದುಕೊಂಡಿದೆಯೇ. ತಲೆಸುತ್ತು ಬರಿಸುವ ನಾಳದ ಗೋಡೆಗೆ ತೂತಾಗಿದೆಯೇ. ಆಪರೇಷನ್ ಮಾಡುವವರಿಗೆ ಇದೊಂದು ನಕ್ಷೆ. ಒಬ್ಬೊಬ್ಬರ ಕಿವಿಯೊಳಗೆ ನರ, ರಕ್ತನಾಳಗಳ ಹಾದಿ ಕೊಂಚ ಬೇರೆ ಬೇರೆ ಇರುತ್ತದೆ. ನಕ್ಷೆ ಇಲ್ಲದೆ ಕೈ ಹಾಕಿದ ಕಾಲವನ್ನು ನಾನು ನೋಡಿದ್ದೇನೆ. ಆ ಡಾಕ್ಟರುಗಳ ಕೈಚಳಕಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ. ಆದರೆ ನಕ್ಷೆ ಇರುವಾಗ ಬೇಡವೆನ್ನುವುದು ಯಾಕೆ?

ಸಿಟಿಗೂ ಒಂದು ಮಿತಿ ಇದೆ. ಗೂಡಿನೊಳಗೆ ತುಂಬಿರುವುದು ಬರೀ ಕೀವೋ, ಊದಿದ ಪೊರೆಯೋ, ಆ ತಿನ್ನುವ ಗಂಟೋ ಎಂದು ಅದು ಯಾವಾಗಲೂ ಬಿಡಿಸಿ ಹೇಳಲಾರದು. ಎಲ್ಲ ಒಂದೇ ಬೂದು ಬಣ್ಣ. ಮೂಳೆಯ ಸಂಗತಿ ಸಿಟಿಯದು, ಮೆತ್ತನೆಯ ಭಾಗ, ನೀರು, ನರಗಳ ಸಂಗತಿ ಎಂಆರ್‌ಐಯದು. ಎಂಆರ್‌ಐಯಲ್ಲಿ ಡಿಫ್ಯೂಷನ್ ಎಂಬ ಒಂದು ಬಗೆಯ ಚಿತ್ರ ತೆಗೆದರೆ ಕೊಲೆಸ್ಟಿಯಟೋಮ ಕತ್ತಲಲ್ಲಿ ದೀಪದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಎರಡು ಮೂರು ಮಿಲಿಮೀಟರಿನ ಗಂಟೂ ಸಿಕ್ಕಿಬೀಳಬಹುದು. ಈ ಕಾಯಿಲೆ ಆಪರೇಷನ್ ಆದ ಮೇಲೂ ಮರಳಿ ಬರುವಂಥದ್ದು. ಮೊದಲೆಲ್ಲ ಒಳಗೆ ಉಳಿದಿದೆಯೇ ಎಂದು ನೋಡಲು ವರ್ಷದ ನಂತರ ಮತ್ತೆ ಕಿವಿ ತೆರೆಯುತ್ತಿದ್ದರು. ಈಗ ಎಷ್ಟೋ ಜನರಲ್ಲಿ ಆ ಎರಡನೆಯ ಆಪರೇಷನ್ನನ್ನು ಎಂಆರ್‌ಐ ತಪ್ಪಿಸುತ್ತದೆ. ಅದಕ್ಕೇ ಹೇಳುವುದು, ಆಪರೇಷನ್ ಆಯ್ತಲ್ಲ, ಗಾಯ ಮಾಯ್ತಲ್ಲ ಎಂದು ಡಾಕ್ಟರು ಬರೆದ ಮುಂದಿನ ತಾರೀಕನ್ನು ಬಿಡಬೇಡಿ.

ಇನ್ನು ನಿಮ್ಮ ಭಯಗಳ ವಿಷಯ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತು ಇವನ್ನೆಲ್ಲ ಕೇಳಿದವನು ನಾನು. ಯಾವ ಭಯವನ್ನೂ ಹಗುರ ಮಾಡಿ ನೋಡುವುದಿಲ್ಲ.

‘ಸ್ಕ್ಯಾನಿಂಗ್’ ಅಂದರೆ ನಮ್ಮ ಕಡೆ ಬಸುರಿಯರಿಗೆ ಮಾಡುವುದು ಅಂತಲೇ ಅರ್ಥ. ಅದರಲ್ಲಿ ಕಿರಣವಿಲ್ಲ, ಶಬ್ದದ ಅಲೆ. ಸಿಟಿಯಲ್ಲಿ ಕಿರಣವಿದೆ, ನಿಜ. ಎಂಆರ್‌ಐಯಲ್ಲಿ ಇಲ್ಲ, ಅದು ಅಯಸ್ಕಾಂತ. ಸಿಟಿಯ ಕಿರಣ ಎಷ್ಟು? ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ. ಕಿವಿಗಷ್ಟೇ ಮಾಡುವ ಸಿಟಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯದು. ಆದರೂ ಮಕ್ಕಳ ಮೈ ಎಳೆಯದು, ಬೇಡದೆ ಒಂದು ಸಲವೂ ತೆಗೆಸಬಾರದು. ‘ಮಕ್ಕಳಿಗೆ ಬೇಕಾದಷ್ಟೇ ಕಿರಣ ಇಟ್ಟಿದ್ದೀರಾ’ ಅಂತ ನೀವು ತಂತ್ರಜ್ಞರನ್ನು ಕೇಳಬಹುದು. ಕೇಳಿದರೆ ನಮಗೆ ಬೇಸರವಿಲ್ಲ, ಕೇಳುವವರು ಬೇಕು. ನಮ್ಮ ದೇಶದಲ್ಲಿ ಈ ಯಂತ್ರಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಕಡ್ಡಾಯ. ಅದಿದೆಯೇ ಎಂದು ವಿಚಾರಿಸುವುದೂ ನಿಮ್ಮ ಹಕ್ಕು. ಮಗುವಿನ ಜೊತೆ ಒಳಗೆ ನಿಲ್ಲಬೇಕಾದ ತಾಯಿ ಬಸುರಿಯಾಗಿದ್ದರೆ ದಯವಿಟ್ಟು ಮೊದಲೇ ಹೇಳಿ, ಬೇರೆಯವರು ನಿಲ್ಲಲಿ.

ಕಿವಿಯ ಸಿಟಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಹೆಚ್ಚಿನ ಸಲ ಇಂಜೆಕ್ಷನ್ನೂ ಬೇಡ. ಎಂಆರ್‌ಐಗೆ ಅರ್ಧ ಗಂಟೆಯ ಆಸುಪಾಸು ಅಲುಗದೆ ಮಲಗಬೇಕು. ಕೊಳವೆಯಂಥ ಯಂತ್ರ, ಒಳಗೆ ಟಕಟಕ ಎಂದು ಸುತ್ತಿಗೆ ಬಡಿದ ಹಾಗೆ ದೊಡ್ಡ ಸದ್ದು. ಕಿವಿಗೆ ಮುಚ್ಚಳ ಕೊಡುತ್ತಾರೆ, ಕೈಗೆ ಒತ್ತುವ ಗುಂಡಿ ಕೊಡುತ್ತಾರೆ. ಪುಟ್ಟ ಮಕ್ಕಳು ಅಲುಗುತ್ತಾರೆ, ಆಗ ನಿದ್ದೆಯ ಔಷಧಿ ಬೇಕಾಗುತ್ತದೆ. ಎಷ್ಟು ಹೊತ್ತಿನಿಂದ ಏನೂ ತಿನ್ನಿಸಬಾರದು ಅಂತ ಹೇಳಿದ್ದನ್ನು ತಪ್ಪದೆ ಪಾಲಿಸಿ. ಅಳುತ್ತಿದ್ದಾನೆ ಅಂತ ದಾರಿಯಲ್ಲಿ ಒಂದು ಬಿಸ್ಕತ್ತು ಕೊಟ್ಟರೂ ಆ ದಿನದ ಸ್ಕ್ಯಾನ್ ನಿಂತಿತು. ಕೂಸುಗಳಾದರೆ ಔಷಧಿ ಇಲ್ಲದೆಯೂ ಒಂದು ಉಪಾಯ ಎಷ್ಟೋ ಸಲ ಫಲಿಸಿದೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ, ಬಸ್ಸಿನಲ್ಲಿ ನಿದ್ದೆ ಹೋಗದಂತೆ ಆಡಿಸುತ್ತ ಕರೆತಂದರೆ, ಅಲ್ಲಿ ಹಾಲುಣಿಸಿ ತಟ್ಟಿದ ಕೂಡಲೇ ಮಲಗಿಬಿಡುತ್ತದೆ. ಇದಕ್ಕೂ ಅಲ್ಲಿಯವರನ್ನು ಮೊದಲು ಕೇಳಿಯೇ ಮಾಡಬೇಕು.

ತಾಳಿಯ ಮಾತು. ಎಂಆರ್‌ಐ ಕೋಣೆಗೆ ಓಲೆ, ಮೂಗುಬಟ್ಟು, ಬಳೆ, ಕಾಲುಂಗುರ, ಮಕ್ಕಳ ಉಡದಾರ, ತಾಯತ, ಯಾವುದೂ ಹೋಗಬಾರದು. ತಾಳಿ ಬಿಚ್ಚಬೇಕೆಂದಾಗ ಎಷ್ಟೋ ಹೆಣ್ಣುಮಕ್ಕಳು ಬಾಗಿಲಿನಿಂದಲೇ ವಾಪಸು ಹೋದದ್ದುಂಟು. ನಾನು ಅವರಿಗೆ ಹೇಳುತ್ತಿದ್ದುದು ನಮ್ಮ ಅವ್ವನಿಂದ ಕಲಿತದ್ದು. ಒಂದು ಹಸಿ ದಾರಕ್ಕೆ ಅರಿಶಿಣದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಅದು ಸ್ಕ್ಯಾನಿಗೆ ಅಡ್ಡಿಯಲ್ಲ. ಹರಿಹರದ ಕಡೆಯ ಒಬ್ಬ ತಾಯಿ ಮನೆಯಿಂದಲೇ ಹಾಗೆ ಕಟ್ಟಿಕೊಂಡು, ತಾಳಿಯನ್ನು ಅತ್ತೆಯ ಸೆರಗಿಗೆ ಗಂಟು ಹಾಕಿಸಿ ಬಂದಿದ್ದರು. ಎದೆಗೆ ಪೇಸ್‌ಮೇಕರ್ ಇದ್ದರೆ, ಹಿಂದೆ ಕಿವಿಯಲ್ಲಿ, ತಲೆಯಲ್ಲಿ, ಎಲ್ಲೇ ಆಗಲಿ ಏನಾದರೂ ಲೋಹ ಕೂರಿಸಿದ್ದರೆ, ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ಮುಚ್ಚಿಡಬೇಡಿ. ಆ ಅಯಸ್ಕಾಂತಕ್ಕೆ ದಾಕ್ಷಿಣ್ಯವಿಲ್ಲ.

ದುಡ್ಡಿನ ಚಿಂತೆ ನನಗೆ ತಿಳಿಯದ್ದಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ರಕ್ಷಣೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ, ರೇಷನ್ ಕಾರ್ಡು, ಆಧಾರ್ ಇಟ್ಟುಕೊಂಡು ಹೋಗಿ. ಸ್ಕ್ಯಾನಿಗೆ ಎಷ್ಟಾಗುತ್ತದೆ, ಯಾವುದು ಯೋಜನೆಯಲ್ಲಿ ಬರುತ್ತದೆ, ಎಲ್ಲಿಗೆ ಬರೆದುಕೊಡುತ್ತಾರೆ ಎಂದು ಖರ್ಚು ಮಾಡುವ ಮುಂಚೆ ಆರೋಗ್ಯಮಿತ್ರರನ್ನು ಕೇಳಿ. ಬಡ್ಡಿಗೆ ಸಾಲ ತಂದು ಸ್ಕ್ಯಾನ್ ಮಾಡಿಸಿ ಆಮೇಲೆ ಕಾರ್ಡು ತೋರಿಸಿದವರನ್ನು ಕಂಡು ಹೊಟ್ಟೆ ಉರಿದಿದೆ.

ಇಷ್ಟೆಲ್ಲ ಹೇಳಿದವನೇ ಇನ್ನೊಂದು ಮಾತು ಹೇಳಬೇಕು. ಕಿವಿ ಅಂದ ಕೂಡಲೇ ಸ್ಕ್ಯಾನ್ ಅಲ್ಲ. ಮೊದಲು ಡಾಕ್ಟರು ಕೀವು ಒರೆಸಿ ಮೈಕ್ರೋಸ್ಕೋಪಿನಲ್ಲಿ ತಮಟೆ ನೋಡಬೇಕು, ಕೇಳುವ ಪರೀಕ್ಷೆ ಮಾಡಿಸಬೇಕು. ಗುಗ್ಗೆ ಕಟ್ಟಿದ ಕಿವಿಗೆ, ನೆಗಡಿಯಲ್ಲಿ ಎರಡು ದಿನ ನೋಯುವ ಕಿವಿಗೆ, ಎಣ್ಣೆ ಬಿಟ್ಟೂ ಬಿಟ್ಟೂ ಬೂಷ್ಟು ಬಂದು ನವೆಯಾದ ಕಿವಿಗೆ ಸ್ಕ್ಯಾನ್ ಬೇಡ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆ ನಿಮಿಷ ಮನೆ ತಿರುಗಿ ನಿಲ್ಲುವ ತಲೆಸುತ್ತು ಬಹಳ ಜನಕ್ಕೆ ಬರುತ್ತದೆ. ಒಳಗಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ ಬರುವಂಥದ್ದು ಅದು. ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸುತ್ತಾರೆ, ಯಾವ ಚಿತ್ರವೂ ಬೇಕಿಲ್ಲ. ಅಂಥಲ್ಲಿ ‘ಒಂದ್ಸಲ ಸ್ಕ್ಯಾನಿಂಗ್ ಬರಕೊಡಿ ಸಾರ್, ಸಮಾಧಾನಕ್ಕೆ’ ಎಂದು ಒತ್ತಾಯ ಮಾಡಬೇಡಿ.

ಆದರೆ ಸೋರುವ ಕಿವಿಯ ಜೊತೆಗೆ ತಲೆ ಸುತ್ತಿದರೆ, ಬಾಯಿ ಓರೆಯಾದರೆ, ಕಿವಿಯ ಹಿಂದೆ ಊದಿದರೆ, ಜೋರು ತಲೆನೋವು, ಜ್ವರ, ವಾಂತಿ ಬಂದರೆ ಆ ದಿನವೇ ಹೊರಡಿ. ಅದು ರಾತ್ರಿಯಾಗಿದ್ದರೂ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಕಿವಿಯಿಂದ ರಕ್ತವೋ ತಿಳಿನೀರೋ ಬಂದರೆ ಹತ್ತಿ ತುರುಕಿ ಸುಮ್ಮನಿರಬೇಡಿ, ಕಿವಿಯ ಮೂಳೆ ಸೀಳಿರಬಹುದು. ದೊಡ್ಡವರಿಗೊಂದು ಮಾತು. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಗುಗ್ಗೆ ಅಂತ ತಿಳಿದು ವಾರ ಕಳೆಯಬೇಡಿ. ಮೊದಲ ಎರಡು ವಾರದೊಳಗೆ ಔಷಧಿ ಶುರುವಾದರೆ ಕಿವಿ ಉಳಿಯುವ ಆಸೆ ಇರುತ್ತದೆ. ಒಂದೇ ಕಿವಿ ಮಂದವಾಗುತ್ತ, ಒಂದೇ ಕಿವಿಯಲ್ಲಿ ಗುಂಯ್ ಅನ್ನುತ್ತ ಹೋದರೆ ಡಾಕ್ಟರು ಎಂಆರ್‌ಐ ಬರೆಯಬಹುದು. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು ಇದೆಯೇ ಅಂತ ನೋಡುವುದಕ್ಕೆ. ಹೆಚ್ಚಿನವರಲ್ಲಿ ಇರುವುದಿಲ್ಲ. ಇದ್ದರೆ ಸಣ್ಣದಿರುವಾಗಲೇ ತಿಳಿಯುವುದು ಒಳ್ಳೆಯದು.

ಹುಟ್ಟಿನಿಂದಲೇ ಕೇಳಿಸದ ಕೂಸುಗಳ ತಾಯಂದಿರೇ, ನಿಮ್ಮನ್ನು ಬಿಟ್ಟು ಈ ಪತ್ರ ಮುಗಿಯಲಾರದು. ಬಾಗಿಲು ಬಡಿದರೂ ಬೆಚ್ಚದ, ಹೆಸರು ಹಿಡಿದು ಕರೆದರೆ ತಿರುಗದ ಮಗುವನ್ನು ‘ಅವರಪ್ಪನೂ ತಡವಾಗಿ ಮಾತು ಕಲಿತ’ ಅಂತ ಮೂರು ವರ್ಷ ಕಾಯಿಸಬೇಡಿ. ಒಂದು ತಿಂಗಳೊಳಗೆ ಕೇಳುವ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ಈಗ ಎಲ್ಲ ಕಡೆ ಒಪ್ಪಿದ ಲೆಕ್ಕ. ಕೇಳಿಸಲೆಂದು ಒಳಗಿವಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರ ಕೂರಿಸುವ ಮುಂಚೆ ಸಿಟಿ, ಎಂಆರ್‌ಐ ಎರಡೂ ಬೇಕಾಗುತ್ತವೆ. ಶಂಖದ ಸುರುಳಿ ಪೂರ್ತಿ ಬೆಳೆದಿದೆಯೇ, ಅದರಿಂದ ಹೊರಡುವ ನರ ಇದೆಯೇ ಎಂದು ಅವೇ ಹೇಳಬೇಕು. ನರವೇ ಇಲ್ಲದಿದ್ದರೆ ಯಂತ್ರ ಕೂರಿಸಿ ಫಲವಿಲ್ಲ. ಮಿದುಳು ಜ್ವರ ಬಂದು ಕಿವಿ ಹೋದ ಮಕ್ಕಳಲ್ಲಂತೂ ಆ ಸುರುಳಿ ಕೆಲವೇ ವಾರ, ತಿಂಗಳಲ್ಲಿ ಮೂಳೆಯಾಗಿ ಮುಚ್ಚಿಹೋಗಬಹುದು. ಅಲ್ಲಿ ಒಂದು ತಿಂಗಳೂ ತಡಮಾಡುವಂತಿಲ್ಲ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಬಡ ಮಕ್ಕಳಿಗೆ ಈ ಇಂಪ್ಲಾಂಟ್‌ಗೆ ನೆರವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬರುತ್ತದೆ. ಅವರು ನೋಡಬೇಕಾದ ಪಟ್ಟಿಯಲ್ಲಿ ಹುಟ್ಟು ಕಿವುಡೂ ಇದೆ, ಸೋರುವ ಕಿವಿಯೂ ಇದೆ. ಅವರು ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ನಾನು ನಿಮ್ಮನ್ನು ಕೇಳುವುದು ಹೆಚ್ಚೇನಲ್ಲ. ಇವತ್ತೇ ನಿಮ್ಮ ಮಗುವಿನ ಕಿವಿಯ ಹತ್ತಿರ ಮೂಗಿಟ್ಟು ನೋಡಿ. ಎಣ್ಣೆ, ರಸ, ಎದೆಹಾಲು ಬಿಡುವುದನ್ನು, ಕಡ್ಡಿ, ಹೇರ್‌ಪಿನ್ನು ಹಾಕುವುದನ್ನು ನಿಲ್ಲಿಸಿ. ತಮಟೆ ತೂತಾದ ಕಿವಿಗೆ ಬಿಟ್ಟದ್ದು ನೇರ ಒಳಗೆ ಇಳಿಯುತ್ತದೆ. ಸೋರುವ ಕಿವಿಯ ಹುಡುಗರನ್ನು ನಾಲೆಗೆ ಹಾರಲು ಬಿಡಬೇಡಿ. ಸ್ನಾನದಲ್ಲಿ ವ್ಯಾಸಲೀನು ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟು, ಆಮೇಲೆ ತೆಗೆಯಿರಿ. ಸ್ಕ್ಯಾನಿನ ಫಿಲ್ಮು, ಸಿ.ಡಿ., ರಿಪೋರ್ಟುಗಳನ್ನು ಪಹಣಿಯ ಜೊತೆ ಟ್ರಂಕಿನಲ್ಲಿಡಿ, ಗೋಡೆಗೆ ಒರಗಿಸಿದರೆ ಬಿಸಿಲು, ಇಲಿ ಎರಡೂ ಬಿಡುವುದಿಲ್ಲ. ಐದು ವರ್ಷದ ನಂತರ ಹಳೆಯದರ ಪಕ್ಕ ಹೊಸದನ್ನಿಟ್ಟು ನೋಡಿದಾಗಲೇ ಗಂಟು ಬೆಳೆದಿದೆಯೋ ಇಲ್ಲವೋ ತಿಳಿಯುವುದು. ಮತ್ತೆ ಆ ಚೀಟಿ. ಡಾಕ್ಟರು ಬರೆದುಕೊಟ್ಟ ಚೀಟಿ ಮನೆಯಲ್ಲಿದ್ದರೆ, ಕಬ್ಬು ಹೋಗಲಿ, ಕೊಯ್ಲು ಮುಗಿಯಲಿ, ದೊಡ್ಡ ರಜೆ ಬರಲಿ ಎನ್ನದೆ ಈ ವಾರವೇ ಹೊರಡಿ. ಜೊತೆಗೆ ಯಾರೂ ಇಲ್ಲದಿದ್ದರೆ ನನ್ನ ಮನೆ ಊರಲ್ಲಿ ಎಲ್ಲರಿಗೂ ಗೊತ್ತು. ನಾನು ಬರುತ್ತೇನೆ, ಸರದಿಯಲ್ಲಿ ನಾನು ನಿಲ್ಲುತ್ತೇನೆ.

ಗೃಹಪ್ರವೇಶದಲ್ಲಿ ಕಂಡ ಆ ಹುಡುಗನನ್ನು ಮರುವಾರ ನಾನೇ ಅವನ ತಾಯಿಯ ಜೊತೆ ಕರೆದೊಯ್ದೆ. ಸ್ಕ್ಯಾನ್ ಆಗಿದೆ. ಒಂದು ಮೂಳೆ ಸವೆದಿದೆ, ಎರಡು ಇನ್ನೂ ಇವೆ. ಚಾವಣಿ ಗಟ್ಟಿಯಾಗಿದೆ. ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ.

ಈ ಪತ್ರ ಬರೆದು ಮುಗಿಸಿ ಮೊನ್ನೆ ರಾತ್ರಿ ನನ್ನ ತಮ್ಮನ ಬಲಕ್ಕೆ ಕೂತು ಓದಿ ಹೇಳಿದೆ. ಅವನ ಕಥೆಯನ್ನು ಅವನ ಒಪ್ಪಿಗೆ ಇಲ್ಲದೆ ಊರಿಗೆ ಹೇಳುವುದು ಸರಿಯಲ್ಲವಲ್ಲ. ಇಪ್ಪತ್ತು ರೂಪಾಯಿಯ ಮಾತು ಬಂದಾಗ ನನ್ನ ದನಿ ನಿಂತಿತು. ‘ಯಾಕ್ ನಿಲ್ಲಿಸ್ದೆ, ಓದಣ್ಣ’ ಅಂದ. ‘ಆವತ್ತು ನಾನೂ ನಿನ್ ಜೊತೀಗೇ ಇದ್ನಲ್ಲ. ಅಪ್ಪಗೆ ಹೇಳ್ಬಾರ್ದು ಅಂತ ನಾನೂ ಸುಮ್ನಿದ್ದೆ.’ ನಲವತ್ತೈದು ವರ್ಷಕ್ಕೂ ಮೇಲಾಯಿತು. ಅವನು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ, ನನಗೂ.

ಪೂರ್ತಿ ಕೇಳಿದ ಮೇಲೆ ಒಂದು ವಿಷಯ ಬಿಟ್ಟಿದ್ದೀಯ, ಸೇರಿಸು ಅಂದ. ಅವನ ಮಾತಿನಲ್ಲೇ ಸೇರಿಸುತ್ತಿದ್ದೇನೆ. ‘ಮೇಷ್ಟ್ರಿಗೂ ಒಂದು ಮಾತು ಬರಿ. ಕಿವಿ ಸೋರೋ ಹುಡುಗನ್ನ ಹಿಂದಿನ ಬೆಂಚಿಗೆ ಕಳಿಸೋದು ಬ್ಯಾಡ. ಮುಂದಿನ ಬೆಂಚಿಗೆ ಕೂರಿಸ್ಲಿ, ಕೇಳೋ ಕಿವಿ ಅವರ ಕಡೆ ಇರಂಗೆ.’

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಎಕ್ಸ್‌ರೇ ತಂತ್ರಜ್ಞ,
ಕುಕ್ಕುವಾಡ, ದಾವಣಗೆರೆ ತಾಲ್ಲೂಕು